ಎಡಬದಿಯ ಸ್ವಿಚ್ಚು

ಹನೀಫಾ ಕಾರಿನ ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಕಮಲಾಕ್ಷರು ಅವನ ಕೈಯಿಂದ ತೆಗೆದು ಬಾನೆಟ್ಟಿನ ಮೇಲಿಟ್ಟರು.

"ಸ್ವಲ್ಪ ನಿಲ್ಲಿಸು. ಮಾತಾಡ್ಲಿಕ್ಕುಂಟು."

ಸುದ್ದಿ ಆಗಲೇ ಪಾಣೆಮಂಗಳೂರಿನ ಕಾರು ಸ್ಟಾಂಡಿಗೆ ಮುಟ್ಟಿತ್ತು. ಬೆಳಿಗ್ಗೆ ಚಹಾಕ್ಕೆ ನೀರಿಟ್ಟ ನೀಲಾವತಿ ಎದೆ ಹಿಡಿದುಕೊಂಡು ಅಡುಗೆಮನೆಯ ನೆಲದಲ್ಲಿ ಕೂತವರು ಮತ್ತೆ ಏಳಲಿಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು. ಆದರೆ ಹೆಂಡತಿಯ ಹೆಣವನ್ನು ಮನೆಯಲ್ಲಿ ಮಲಗಿಸಿದ ಗಂಡ ತಾನೇ ಕಾರು ಬಿಟ್ಟುಕೊಂಡು ಸ್ಟಾಂಡಿಗೆ ಬಂದಾರೆಂದು ಯಾರೂ ಎಣಿಸಿರಲಿಲ್ಲ. ಅವರ ಬೂದು ಬಣ್ಣದ ಹಳೆಯ ವ್ಯಾನ್‌ಗಾರ್ಡ್ ಕಾರು ಎಂದಿನಂತೆ ಮೊದಲ ಜಾಗದಲ್ಲಿ ನಿಂತಿತ್ತು. ಈಗೀಗ ಅದಕ್ಕೆ ಬಾಡಿಗೆ ಸಿಗುವುದು ಮದುವೆಗೆ, ಫೋಟೋ ತೆಗೆಸುವವರಿಗೆ ಮಾತ್ರ. ಆದರೂ ಆ ಜಾಗದಲ್ಲಿ ಬೇರೆ ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ.

"ನಾವೆಲ್ಲ ಮನೆಗೇ ಹೊರಟದ್ದು ಕಮಲಾಕ್ಷಣ್ಣ," ಎಂದ ಹನೀಫಾ. ಅವನು ಚಾಲಕರ ಸಂಘದ ಅಧ್ಯಕ್ಷ. "ನೀವು ಈ ಹೊತ್ತಿಗೆ ಗಾಡಿ ತೆಗೆದದ್ದು ಯಾಕೆ? ಒಂದು ಫೋನ್ ಮಾಡಿದ್ರೆ ಸಾಕಿತ್ತು."

"ಫೋನಲ್ಲಿ ಹೇಳುವಂಥದ್ದಲ್ಲ. ಮಧ್ಯಾಹ್ನ ಎತ್ತುದು. ಗಾಡಿಗಳು ಬರ್ಬೇಕು."

"ಬರ್ತೇವಣ್ಣ. ಅದನ್ನು ಹೇಳ್ಬೇಕಾ."

"ನೀವು ಬರ್ತೀರಿ, ಅದು ಗೊತ್ತುಂಟು. ನಾನು ಹೇಳುದು ಗಾಡಿಗಳ ಮಾತು. ಸಾಲಾಗಿ. ಸ್ಟಾಂಡು ಖಾಲಿ ಮಾಡಿ."

ಹನೀಫಾ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಸುಮ್ಮನೆ ಮಡಿಸತೊಡಗಿದ.

ಅಲ್ಲಿ ಕಾರು ಬಿಡುವವನೊಬ್ಬ ತೀರಿಕೊಂಡರೆ ಆ ದಿನ ಸ್ಟಾಂಡಿನಲ್ಲಿ ಒಂದು ಗಾಡಿಯೂ ನಿಲ್ಲುವುದಿಲ್ಲ. ಹೆಣದ ಗಾಡಿಯ ಹಿಂದೆ ಎಲ್ಲ ಕಾರುಗಳೂ ಹಗಲಲ್ಲೇ ಹೆಡ್‌ಲೈಟ್ ಹಾಕಿಕೊಂಡು, ಹಾರ್ನ್ ಬಾರಿಸದೆ, ಒಂದನ್ನೊಂದು ಹಿಂದೆ ಹಾಕದೆ ಹೋಗುತ್ತವೆ. ಹಿಂದುವಾದರೆ ಸ್ಮಶಾನದವರೆಗೆ, ಬ್ಯಾರಿಯಾದರೆ ಮಸೀದಿಯ ಗೇಟಿನವರೆಗೆ. ಎಂಥ ಬಾಡಿಗೆ ಬಂದರೂ ಆ ಹೊತ್ತಿಗೆ ಇಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಹಿಂದಿನವರು ಮಾಡಿದರು, ಈಗಿನವರು ಮಾಡುತ್ತಾರೆ. ಡ್ರೈವರನ ತಾಯಿ ಸತ್ತರೆ, ಹೆಂಡತಿ ಸತ್ತರೆ ಜನ ಹೋಗುತ್ತಾರೆ, ಗಾಡಿ ಹೋಗುವುದಿಲ್ಲ.

ಮರದ ನೆರಳಲ್ಲಿ ಕೂತಿದ್ದ ಚನಿಯಪ್ಪ ಬಾಯಿಯ ಎಲೆಅಡಿಕೆ ಉಗುಳಿ ಎದ್ದು ಬಂದರು. ಸ್ಟಾಂಡಿನಲ್ಲಿ ಕಮಲಾಕ್ಷರನ್ನು ಬಿಟ್ಟರೆ ಅವರೇ ಹಳಬರು.

"ಬೇಜಾರು ಮಾಡ್ಬೇಡ ಮಾರಾಯ. ನೀಲಾವತಿಯಕ್ಕನಂಥ ಜನ ಇಲ್ಲ. ಆದ್ರೆ ಅದು ಡ್ರೈವರುಗಳಿಗೆ ಮಾಡುವಂಥದ್ದು."

"ಅವಳೂ ಡ್ರೈವರೇ."

"ಲೈಸನ್ಸ್ ಉಂಟಾ?"

"ಇಲ್ಲ."

"ಒಂದು ದಿನ ಗಾಡಿ ಬಿಟ್ಟದ್ದುಂಟಾ?"

"ನನ್ನ ಗಾಡಿಯನ್ನು ನಾನೊಬ್ಬನೇ ಬಿಟ್ಟದ್ದು ಯಾವಾಗ, ನೀನೇ ಹೇಳು."

"ಪಕ್ಕದಲ್ಲಿ ಕೂತು ಸ್ವಿಚ್ ಹಾಕಿದ್ದು, ತೆಗೆದದ್ದು. ಅಷ್ಟಲ್ಲವಾ? ಹಾಗೆ ಲೆಕ್ಕ ಹಿಡಿದ್ರೆ ನನ್ನ ಹೆಂಡತಿ ದಿನಾ ಸಂಜೆ ಲೈಟ್ ಹಾಕ್ತಾಳೆ. ಅವಳನ್ನು ಮೆಸ್ಕಾಂನ ಲೈನ್‌ಮ್ಯಾನ್ ಅಂತ ಹೇಳ್ಲಿಕ್ಕಾಗ್ತದಾ?"

ಯಾರೋ ನಕ್ಕು, ಕಮಲಾಕ್ಷರ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಕಮಲಾಕ್ಷರಿಗೆ ಸಿಟ್ಟು ಬರಲಿಲ್ಲ. ನೀಲಾವತಿ ಇಲ್ಲಿದ್ದಿದ್ದರೆ ಈ ಮಾತಿಗೆ ಮೊದಲು ನಗುವವಳು ಅವಳೇ.

"ಚನಿಯಪ್ಪ, ಆ ಗಾಡಿಯಲ್ಲಿ ಕಾಲು ನನ್ನದು, ಹೊತ್ತು ಅವಳದ್ದು. ಅದರ ಮೇಲೆ ನಾನು ಹೇಳುದಿಲ್ಲ," ಎಂದು ಹನೀಫಾನ ಕಡೆ ತಿರುಗಿದರು. "ನಿಮಗೆ ಸರಿ ಕಂಡ್ರೆ ಬನ್ನಿ."

"ಎಲ್ಲರತ್ರ ಮಾತಾಡಿ ನಾನೇ ಮನೆಗೆ ಬಂದು ಹೇಳ್ತೇನೆ," ಎಂದ ಹನೀಫಾ.

ಕಮಲಾಕ್ಷರು ಕಾರು ಹತ್ತಿ ಸ್ಟಾರ್ಟ್ ಮಾಡಿದರು. ರಿವರ್ಸ್ ಗೇರಿಗೆ ಕೈ ಹೋದದ್ದು ಅಲ್ಲೇ ನಿಂತಿತು. ಉದ್ದ ಸೀಟಿನ ಮೇಲೆ ಎಡಕ್ಕೆ ಬಗ್ಗಿ, ಆ ತುದಿಯಲ್ಲಿದ್ದ ಸ್ವಿಚ್ಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೇಲೆಯೇ ಇತ್ತು, ಹಾಕಿರಲಿಲ್ಲ. ಅಷ್ಟು ದೂರ ಬಗ್ಗಿ ಅವರಿಗೆ ಅಭ್ಯಾಸವಿರಲಿಲ್ಲ. ನೆಟ್ಟಗೆ ಕೂರುವಾಗ ಸೊಂಟ ಹಿಡಿಯಿತು.

*

ಗಾಡಿಯನ್ನು ಹಡಗಿನಲ್ಲಿ ತರಿಸಿದ್ದು ಘಟ್ಟದ ಮೇಲಿನ ಒಬ್ಬರು ಕಾಫಿ ತೋಟದವರು. ಕಮಲಾಕ್ಷರು ಅವರಲ್ಲಿ ಡ್ರೈವರಾಗಿದ್ದರು. ತೋಟ ಮಾರಿ ಊರು ಬಿಡುವಾಗ ಅವರು ಗಾಡಿಯನ್ನು ಕಮಲಾಕ್ಷರ ಕೈಗೆ ಕೊಟ್ಟು ಹೋದರು. ಅದರಲ್ಲಿ ಓವರ್‌ಡ್ರೈವ್ ಇತ್ತು. ಈ ಕಡೆಯ ಇನ್ಯಾವ ಬಾಡಿಗೆ ಕಾರಿನಲ್ಲೂ ಅದಿರಲಿಲ್ಲ. ಸ್ಟೇರಿಂಗಿನ ಕೆಳಗಿನ ಒಂದು ಸಣ್ಣ ಕಡ್ಡಿಯನ್ನು ಬೆರಳಲ್ಲಿ ಎತ್ತಿದರೆ ಎಂಜಿನ್ನಿನ ಸದ್ದು ಇಳಿದುಬಿಡುತ್ತಿತ್ತು, ಗಾಡಿ ಅದೇ ವೇಗದಲ್ಲಿ ಓಡುತ್ತಿತ್ತು.

ಮದುವೆಯಾದ ಹೊಸತು. ಚಾರ್ಮಾಡಿಯಲ್ಲಿದ್ದ ನೀಲಾವತಿಯ ತವರಿನಿಂದ ಇಬ್ಬರೂ ಬರುತ್ತಿದ್ದರು. ಮೂಡುಬಿದಿರೆಯಲ್ಲಿ ಯಾರಿಗೋ ಒಂದು ಸಾಮಾನು ಮುಟ್ಟಿಸುವುದಿತ್ತು. ಗುರುವಾಯನಕೆರೆ ದಾಟುವಾಗ ವಯರು ಸುಟ್ಟ ವಾಸನೆ ಬಂತು. ಕಡ್ಡಿ ಎತ್ತಿದರೂ ಇಳಿಸಿದರೂ ಒಂದೇ ಆಯಿತು. ಮೂಡುಬಿದಿರೆಯವರೆಗೂ ಎಂಜಿನ್ ಕೂಗಿಕೊಂಡೇ ಬಂತು.

ಅಲ್ಲಿ ಇಬ್ರಾಹಿಂ ಖಲೀಲ್‌ನ ಗ್ಯಾರೇಜಿತ್ತು. ಖಲೀಲ್ ಆಗ ತರುಣ. ಗಾಡಿಯಡಿಗೆ ನುಗ್ಗಿ ಹೊರಬಂದವನ ಎದುರು ನೀಲಾವತಿ ನಿಂತಿದ್ದರು.

"ಇದು ಹೀಗೆ ಕೂಗುದು ಯಾಕೆ?"

ಹೆಂಗಸರು ಅಂಥದ್ದು ಕೇಳಿ ಅವನಿಗೆ ಗೊತ್ತಿರಲಿಲ್ಲ. ಕಮಲಾಕ್ಷರ ಮುಖ ನೋಡಿದ. ಅವರು ನಕ್ಕರು.

"ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಸಣ್ಣ ಡಬ್ಬಿ ಉಂಟಕ್ಕ," ಎಂದ ಖಲೀಲ್. "ಸ್ವಿಚ್ ಹಾಕಿದ್ರೆ ಕರೆಂಟು ಹರಿದು ಅದರ ಬಾಯಿ ತೆರೀತದೆ. ಆಗ ಎಣ್ಣೆ ಒತ್ತಿ ಬಂದು ಒಳಗಿನ ಒಂದು ಹಲ್ಲುಚಕ್ರವನ್ನು ತಿರುಗದ ಹಾಗೆ ಹಿಡೀತದೆ. ಅದು ನಿಂತ್ರೆ ಗಾಡಿಯ ಓಟ ಅಷ್ಟೇ ಇರ್ತದೆ, ಎಂಜಿನ್ ಮಾತ್ರ ಕಮ್ಮಿ ತಿರುಗಿದ್ರೆ ಸಾಕಾಗ್ತದೆ. ಕ್ಲಚ್ ಒತ್ತುದು ಬೇಡ, ಗೇರಿಗೆ ಕೈ ಹಾಕುದು ಬೇಡ."

"ಯಾವಾಗ ಹಾಕುದು?"

"ಸಮ ರಸ್ತೆ ಸಿಕ್ಕಿ ಟಾಪ್ ಗೇರಿನಲ್ಲಿ ಗಾಡಿ ಓಡ್ಲಿಕ್ಕೆ ಹಿಡಿದ ಮೇಲೆ. ಏರು ಬರುವ ಮೊದಲು ತೆಗೀಬೇಕು. ತೆಗೆಯುವಾಗ ಅಣ್ಣ ಎಕ್ಸಲೇಟರಿನಿಂದ ಕಾಲು ಎತ್ಲಿಕ್ಕಿಲ್ಲ. ಎತ್ತಿದ್ರೆ ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗೆ ಆಗ್ತದೆ."

ಸುಟ್ಟ ವಯರಿಗೆ ಬದಲಿ ಅವನಲ್ಲಿ ಗಿಡ್ಡದ್ದೊಂದೇ ಇತ್ತು. ಅದನ್ನು ಎಡಬದಿಯ ನೆಲದ ತೂತಿನಿಂದ ಎಳೆದು ತಂದರೆ ಡ್ಯಾಶ್‌ಬೋರ್ಡಿನ ಎಡ ತುದಿಗೆ ಮುಟ್ಟುವಷ್ಟು ಮಾತ್ರ. ಅಲ್ಲಿಗೆ ಮನೆಯ ಗೋಡೆಗೆ ಹಾಕುವ ಗುಂಡಗಿನ ಕಪ್ಪು ಸ್ವಿಚ್ಚೊಂದನ್ನು ಬಿಗಿದ. ಕಮಲಾಕ್ಷರು ಡ್ರೈವರ್ ಸೀಟಿನಲ್ಲಿ ಕೂತು ಕೈ ಚಾಚಿದರು. ಮುಟ್ಟಲಿಲ್ಲ.

"ಇವತ್ತು ಅಕ್ಕ ಹಾಕ್ತಾರೆ," ಎಂದ ಖಲೀಲ್. "ಮುಂದಿನ ವಾರ ಮಂಗಳೂರಿನಿಂದ ಉದ್ದದ ವಯರು ತರಿಸಿ ಸರಿ ಮಾಡ್ತೇನೆ. ಮತ್ತೆ ಒಂದುಂಟಕ್ಕ, ಇದು ಹಾಕಿರುವಾಗ ಗಾಡಿ ರಿವರ್ಸ್ ತೆಗೆದ್ರೆ ಡಬ್ಬಿ ಒಳಗೇ ಪುಡಿಯಾಗ್ತದೆ. ಕಂಪೆನಿಯವರು ಅದಕ್ಕೊಂದು ತಡೆ ಇಟ್ಟಿದ್ರು. ಅದೂ ಸುಟ್ಟಿದೆ. ವಯರು ಬರುವವರೆಗೆ ನೀವೇ ತಡೆ."

ಮೂಡುಬಿದಿರೆ ಬಿಟ್ಟ ಮೇಲೆ ನೀಲಾವತಿ ಮೊದಲ ಸಲ ಸ್ವಿಚ್ ಹಾಕಿದರು. ತೆಗೆಯುವಾಗ ಗಾಡಿ ಮುಗ್ಗರಿಸಿ, ಅವರ ಹಣೆ ಗಾಜಿಗೆ ಹೋಗಿ ಬಂತು.

"ನೀವು ಕಾಲು ಎತ್ತಿದ್ರಿ," ಎಂದರು ಹಣೆ ಉಜ್ಜಿಕೊಳ್ಳುತ್ತ.

"ನೀನು ಹೇಳದೆ ತೆಗೆದೆ."

"ಹಾಗಾದ್ರೆ ಹೇಳಿಯೇ ತೆಗೀತೇನೆ."

ಈ ಸೀಮೆಯ ರಸ್ತೆ ಒಂದು ಕೂಗಿನಷ್ಟು ದೂರವೂ ಸಮ ಇರುವುದಿಲ್ಲ. ಏರು, ಇಳಿತ, ತಿರುವು, ಮತ್ತೆ ಏರು. ಸಿದ್ಧಕಟ್ಟೆ ಬರುವಷ್ಟರಲ್ಲಿ ನೀಲಾವತಿ ರಸ್ತೆ ನೋಡುವುದನ್ನೇ ಬಿಟ್ಟು ತಲೆಯನ್ನು ಸ್ವಲ್ಪ ವಾರೆ ಮಾಡಿ ಎಂಜಿನ್ನಿನ ಸದ್ದನ್ನು ಕೇಳುತ್ತಿದ್ದರು. ಎಂಜಿನ್ನಿನ ಉಸಿರು ಒಂದಿಷ್ಟು ಭಾರವಾಗುವ ಮೊದಲೇ ಸ್ವಿಚ್ ಮೇಲೆ ಹೋಗಿ ಆಫ್ ಆಗಿರುತ್ತಿತ್ತು. ಪ್ರತಿ ಸಲ ತುಳುವಿನಲ್ಲಿ ಮೆಲ್ಲಗೆ, "ಆಂಡ್" ಅನ್ನುತ್ತಿದ್ದರು. ಆಯಿತು, ಎಂದು. ಆ ಮಾತು ಬೀಳುವವರೆಗೆ ಕಮಲಾಕ್ಷರ ಕಾಲು ಕದಲುತ್ತಿರಲಿಲ್ಲ.

ಹೇಳಿದ ವಾರಕ್ಕೆ ಸರಿಯಾಗಿ ಖಲೀಲ್ ಉದ್ದದ ವಯರು ಹಿಡಿದುಕೊಂಡು ಬಸ್ಸಿನಲ್ಲಿ ಪಾಣೆಮಂಗಳೂರಿಗೆ ಬಂದ.

"ಇರಲಿ ಬಿಡು," ಎಂದರು ಕಮಲಾಕ್ಷರು.

"ಅಣ್ಣ, ಅದು ತಾತ್ಕಾಲಿಕ ಅಂತ ನಾನು ಹಾಕಿದ್ದು."

"ನಮ್ಮದು ಖಾಯಂ ಆಗಿದೆ."

*

ಮನೆಯಲ್ಲಿ ನೀಲಾವತಿಯನ್ನು ಮೀಯಿಸಿ, ಹಸಿರು ಬಳೆ ತೊಡಿಸಿ, ಮಲ್ಲಿಗೆ ಮುಡಿಸಿ ಚಾವಡಿಯಲ್ಲಿ ಮಲಗಿಸಿದ್ದರು. ಮೂಡುಬಿದಿರೆಯಿಂದ ಬಂದ ಮಗಳು ಸುರಕ್ಷಾ ತಲೆಯ ಹತ್ತಿರ ಕೂತಿದ್ದಳು. ನೆರೆಯ ಹೆಂಗಸರು ಗೋಡೆಗೊರಗಿ ಸಾಲಾಗಿ ಕೂತು ಮೆಲ್ಲಗೆ ಮಾತಾಡುತ್ತಿದ್ದರು.

"ಪುಣ್ಯವಂತೆ. ಹೂವಿನಲ್ಲಿ ಹೋದರು."

"ಬದುಕಿದ್ದದ್ದೂ ಹಾಗೆಯೇ ಅಲ್ಲವಾ? ಗಂಡ ಎಲ್ಲಿಗೆ ಬಾಡಿಗೆ ಹೋದ್ರೂ ಎದುರಿನ ಸೀಟಲ್ಲಿ ಇವರು. ನಾವು ಬಸ್ಸಿನಲ್ಲಿ ನೇತಾಡುವಾಗ ಇವರು ರಾಣಿಯ ಹಾಗೆ ಪಕ್ಕದಲ್ಲಿ ಹೋಗುದನ್ನು ಕಂಡು ನನಗೆ ಹೊಟ್ಟೆಕಿಚ್ಚು ಬಂದದ್ದೂ ಉಂಟು."

"ಕೂತಲ್ಲೇ ಧರ್ಮಸ್ಥಳ, ಕೂತಲ್ಲೇ ಪೊಳಲಿ."

ಶಾಲೆಗೆ ಹೋಗುವಾಗ ಸುರಕ್ಷಾಳೂ ಹಾಗೆಯೇ ತಿಳಿದಿದ್ದಳು. ಉಳಿದ ಮಕ್ಕಳ ಅಮ್ಮಂದಿರು ಮನೆಯಲ್ಲಿರುತ್ತಾರೆ, ನನ್ನ ಅಮ್ಮ ಮಾತ್ರ ತಿರುಗಾಡುತ್ತಾಳೆ, ಎಂದು ಅತ್ತದ್ದೂ ಉಂಟು. ಆಮೇಲೊಂದು ಬೇಸಗೆಯ ರಜೆಯಲ್ಲಿ ಅಮ್ಮನಿಗೆ ಜ್ವರ ಬಂದು ಆ ಸೀಟಿನಲ್ಲಿ ಇವಳು ಕೂತಳು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗಿ ಬರುವಷ್ಟರಲ್ಲಿ ಹಿಂದೆ ಕೂತವರಿಗೆ ವಾಂತಿಯಾಗಿತ್ತು. ಅಪ್ಪ ಬೈಯಲಿಲ್ಲ. ಮನೆಗೆ ಬಂದು, "ನಿನ್ನಮ್ಮನಿಗೆ ಬೇಗ ಗುಣ ಆಗಲಿ," ಎಂದಷ್ಟೇ ಹೇಳಿದರು.

ಕಮಲಾಕ್ಷರು ಜಗಲಿಯ ಕಂಬಕ್ಕೆ ಒರಗಿ ರಸ್ತೆಯ ಕಡೆ ನೋಡುತ್ತ ನಿಂತಿದ್ದರು. ಸುರಕ್ಷಾ ಎದ್ದು ಬಂದಳು.

"ಅಪ್ಪ, ನೀವು ಸ್ಟಾಂಡಿಗೆ ಹೋಗಿ ಕೇಳಿದ್ದು ಹೌದಾ?"

"ಹೌದು."

"ಯಾಕೆ ಕೇಳ್ಲಿಕ್ಕೆ ಹೋದದ್ದು? ಅವರು ಆಗುದಿಲ್ಲ ಅಂದ್ರೆ? ಇಷ್ಟು ಜನರ ಎದುರು ಅಮ್ಮನ ಹೆಸರಲ್ಲಿ ಇಲ್ಲ ಅನ್ನಿಸಿಕೊಳ್ಳುದು ಬೇಕಾ?"

"ನಾನು ಭಿಕ್ಷೆ ಕೇಳಿದ್ದಲ್ಲ ಮಗ. ನಾನು ಸತ್ರೆ ಅವರಷ್ಟಕ್ಕೆ ಬರ್ತಿದ್ರು. ನನ್ನನ್ನು ಹೊಗಳ್ತಿದ್ರು. ಕಮಲಾಕ್ಷನ ಗಾಡಿಯಲ್ಲಿ ಕೂತ್ರೆ ಹೊಟ್ಟೆಯ ನೀರು ಅಲುಗುದಿಲ್ಲ ಅಂತ ಊರಿಡೀ ಹೇಳ್ತಾರಲ್ಲ, ಅದರಲ್ಲಿ ನನ್ನದೆಷ್ಟು, ಅವಳದ್ದೆಷ್ಟು ಅಂತ ನನಗೊಬ್ಬನಿಗೆ ಗೊತ್ತುಂಟು. ನಾನು ಬಾಯಿ ಮುಚ್ಚಿ ಕೂತ್ರೆ ಅವಳ ಪಾಲನ್ನು ನಾನು ತಿಂದ ಹಾಗೆ."

ಅಷ್ಟರಲ್ಲಿ ಹನೀಫಾನ ಕಾರು ಬಂದು ನಿಂತಿತು. ಹನೀಫಾ ಇಳಿದು, ಆಚೆ ಬದಿಗೆ ಹೋಗಿ ತನ್ನ ತಾಯಿ ನಬೀಸಾ ಅವರನ್ನು ಕೈಹಿಡಿದು ಇಳಿಸಿದ. ಒಂದು ಕಾಲು ಸ್ವಲ್ಪ ಗಿಡ್ಡವಾದಂತೆ ವಾಲಿಕೊಂಡು, ಕೋಲೂರಿ ನಡೆದು ಬಂದ ನಬೀಸಾ ಯಾರನ್ನೂ ನೋಡದೆ ನೇರ ಒಳಗೆ ಹೋಗಿ ನೀಲಾವತಿಯ ಮುಖ ನೋಡುತ್ತ ನಿಂತರು. ಸುರಕ್ಷಾ ಕುರ್ಚಿ ತಂದಿಟ್ಟಳು.

ಹೊರಗೆ ಹನೀಫಾ ಚಪ್ಪಲಿ ಬಿಟ್ಟು ಜಗಲಿಯ ಅಂಚಿಗೆ ನಿಂತ.

"ಮಾತಾಡಿದೆವು ಕಮಲಾಕ್ಷಣ್ಣ. ಜನ ಎಲ್ಲ ಬರ್ತೇವೆ, ಒಬ್ಬನೂ ತಪ್ಪುದಿಲ್ಲ. ಗಾಡಿಯ ವಿಷಯದಲ್ಲಿ ಮಾತ್ರ..." ಅವನು ತಲೆ ಕೆರೆದುಕೊಂಡ. "ಕೆಲವರು ಹೇಳುದು, ಇವತ್ತು ನಿಮ್ಮಲ್ಲಿಗೆ ತಂದ್ರೆ ನಾಳೆ ಎಲ್ಲರ ಮನೆಯಿಂದಲೂ ಕೇಳ್ತಾರೆ, ಆಗ ಡ್ರೈವರಿಗೆ ಮಾಡುದಕ್ಕೆ ಬೆಲೆ ಇರುದಿಲ್ಲ ಅಂತ. ಅದೂ ಒಂದು ಮಾತೇ ಅಲ್ಲವಾ?"

"ಮಾತೇ," ಎಂದರು ಕಮಲಾಕ್ಷರು.

"ನೀವು ತಪ್ಪು ತಿಳ್ಕೊಳ್ಬೇಡಿ."

"ಇಲ್ಲ."

"ಹನೀಫಾ," ಎಂದು ಒಳಗಿನಿಂದ ನಬೀಸಾ ಕರೆದರು. ಗೋಡೆಯ ಹೆಂಗಸರ ಮಾತು ನಿಂತಿತು. "ಎಂಥ ಗಾಡಿಯ ವಿಷಯ ಅದು?"

"ಎಂಥದಿಲ್ಲ ಉಮ್ಮ. ಸಂಘದ್ದು."

"ನನ್ನ ಕಾಲು ಮಾತ್ರ ಹೋದದ್ದು, ಕಿವಿ ಉಂಟು. ಒಳಗೆ ಬಾ."

ಹನೀಫಾ ಬಾಗಿಲ ಹತ್ತಿರ ಬಂದು ನಿಂತು ವಿಷಯ ಹೇಳಿದ. ನಬೀಸಾ ಕೇಳಿದರು. ಕೇಳಿ, ನೀಲಾವತಿಯ ಮುಖದ ಕಡೆಗೇ ನೋಡುತ್ತ ಹೇಳಿದರು.

"ನಿನ್ನ ಉಮ್ಮನನ್ನು ಚಾರ್ಮಾಡಿಯಿಂದ ಮಂಗಳೂರಿನ ಆಸ್ಪತ್ರೆಗೆ ತಂದದ್ದು ಯಾರು ಗೊತ್ತುಂಟಾ?"

"ಕಮಲಾಕ್ಷಣ್ಣ."

"ನೀನು ನೋಡಿದ್ಯಾ? ನೀನು ಆಗ ಇಲ್ಲಿ ಅಜ್ಜಿಯ ಹತ್ತಿರ ಇದ್ದೆ. ನೋಡಿದವಳು ನಾನು."

*

ನಬೀಸಾ ಚಾರ್ಮಾಡಿಯಲ್ಲಿ ತಂಗಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಕೆಳಗೆ ಎಲುಬು ಮುರಿದಿತ್ತು. ಆ ದಿನ ನೀಲಾವತಿಯ ತವರಿಗೆ ಬಂದು ನಿಂತಿದ್ದ ವ್ಯಾನ್‌ಗಾರ್ಡ್ ಬಿಟ್ಟರೆ ಸುತ್ತ ಬೇರೆ ಗಾಡಿಯಿರಲಿಲ್ಲ. ಹಾಸಿಗೆ ಸಮೇತ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಂಗಿ ಕೆಳಗೆ ಕೂತು ಕಾಲನ್ನು ಹಿಡಿದುಕೊಂಡಳು.

ಮಲಗಿದಲ್ಲಿಂದ ನಬೀಸಾಗೆ ಕಾಣುತ್ತಿದ್ದದ್ದು ಎದುರಿನ ಸೀಟಿನ ಅಂಚು, ನೀಲಾವತಿಯ ಒಂದು ಕಿವಿ, ಮತ್ತು ಆ ಕಪ್ಪು ಸ್ವಿಚ್ಚಿನ ಮೇಲಿದ್ದ ಕೈ. ಗಾಡಿ ಸಮಕ್ಕೆ ಓಡುವವರೆಗೆ ನೋವನ್ನು ತಡೆದುಕೊಳ್ಳಬಹುದಿತ್ತು. ವೇಗ ಬದಲಾಗಿ ಒಂದಿಷ್ಟು ಎಳೆದರೆ ಮುರಿದ ಎಲುಬಿಗೆ ಎಲುಬು ತಾಗಿ ಕಣ್ಣು ಕತ್ತಲೆ ಬರುತ್ತಿತ್ತು. ಮೊದಲ ಏರಿನಲ್ಲಿ ಹಾಗೆಯೇ ಆಯಿತು. ನಬೀಸಾ ಕಿರುಚಿದರು.

"ನಿಮಗೆ ಹೆದರಿಕೆಯಾಗಿ ಕಾಲು ನಡುಗ್ತಾ ಉಂಟು," ಎಂದಿತು ಎದುರಿನ ಸ್ವರ. "ಕಾಲು ಇದ್ದಲ್ಲಿಯೇ ಇರಲಿ. ನಾನು ಹೇಳುವವರೆಗೆ ಎತ್ತಬೇಡಿ, ಒತ್ತಬೇಡಿ."

"ಏರು ಬಂತಲ್ಲ."

"ಏರು ಬರಲಿ. ನನಗೆ ಕೇಳ್ತದೆ."

ಆಮೇಲೆ ನಬೀಸಾ ಆ ಕೈಯನ್ನೇ ನೋಡುತ್ತಿದ್ದರು. ಕೈ ಕದಲಿತು ಅಂದರೆ ಹಲ್ಲು ಕಚ್ಚಿ ನೋವಿಗೆ ಕಾಯುವುದು. "ಆಂಡ್" ಎಂಬ ಮಾತು ಬೀಳುತ್ತಿತ್ತು. ನೋವು ಬರುತ್ತಿರಲಿಲ್ಲ. ಎಂಜಿನ್ನಿನ ಸದ್ದು ಮಾತ್ರ ಒಂದು ಮೆಟ್ಟಿಲು ಹತ್ತಿದಂತೆ ಮೇಲೇರುತ್ತಿತ್ತು, ಸಮ ರಸ್ತೆ ಬಂದಾಗ ಮತ್ತೆ ಇಳಿಯುತ್ತಿತ್ತು. ಉಜಿರೆಯವರೆಗೂ ನಬೀಸಾ ಹಲ್ಲು ಕಚ್ಚಿಕೊಂಡೇ ಇದ್ದರು. ಬೆಳ್ತಂಗಡಿಯಲ್ಲಿ ಕಚ್ಚುವುದನ್ನು ಬಿಟ್ಟರು.

*

"ಅದರ ಆಚೆಗೆ ನನಗೆ ನೆನಪಿಲ್ಲ," ಎಂದರು ನಬೀಸಾ. "ಯಾಕೆ ಗೊತ್ತುಂಟಾ? ನಿದ್ದೆ ಬಂತು. ಎಚ್ಚರ ಆಗುವಾಗ ಆಸ್ಪತ್ರೆಯ ಗೇಟು. ಡಾಕ್ಟ್ರು ಕೇಳಿದ್ರು, ಇವರಿಗೆ ಮದ್ದು ಕೊಟ್ಟು ಮಲಗಿಸಿದ್ದಾ ಅಂತ. ಎಂತ ಮದ್ದು? ಎಲುಬು ಮುರಿದವಳು ಘಟ್ಟದ ಬುಡದಿಂದ ಮಂಗಳೂರಿಗೆ ನಿದ್ದೆ ಮಾಡಿಕೊಂಡು ಬಂದೆ. ನೀನು ಇಷ್ಟು ವರ್ಷದಿಂದ ಕಾರು ಬಿಡ್ತೀಯಲ್ಲ ಹನೀಫಾ, ಸಂಘಕ್ಕೆ ಅಧ್ಯಕ್ಷ ಬೇರೆ. ನೀನು ಹೇಳು. ಆ ದಿನ ಗಾಡಿ ಬಿಟ್ಟದ್ದು ಯಾರು?"

ಹನೀಫಾ ನೀಲಾವತಿಯ ಕೈಯ ಕಡೆ ನೋಡಿದ.

"ಇದನ್ನು ನೀವು ಮೊದಲೇ ಹೇಳ್ಬಹುದಿತ್ತಲ್ಲ ಉಮ್ಮ," ಎಂದ.

"ಎಲ್ಲರಿಗೂ ಗೊತ್ತುಂಟು ಅಂತ ಎಣಿಸಿದ್ದೆ. ನಿಮ್ಮ ಕಣ್ಣೆದುರೇ ಇದ್ದವಳಲ್ಲವಾ?"

ಗೋಡೆಗೆ ಒರಗಿದ್ದ ಹೆಂಗಸರಲ್ಲಿ ಒಬ್ಬಳು ಎದ್ದು, ನೀಲಾವತಿಯ ಕೈಯ ಮೇಲೆ ಸರಿದಿದ್ದ ಸೀರೆಯ ಸೆರಗನ್ನು ಸರಿಮಾಡಿದಳು. ರಾಣಿಯ ಮಾತು ಆಡಿದವಳು ಅವಳೇ.

ಹನೀಫಾ ಜಗಲಿಗೆ ಬಂದು ಚಪ್ಪಲಿ ಮೆಟ್ಟಿದ. ಕಮಲಾಕ್ಷರ ಎದುರು ನಿಂತು, "ಉಮ್ಮ ಇಲ್ಲಿಯೇ ಇರಲಿ, ಆಮೇಲೆ ಕರ್ಕೊಂಡು ಹೋಗ್ತೇನೆ," ಎಂದಷ್ಟೇ ಹೇಳಿ ಕಾರು ಹತ್ತಿ ಹೋದ.

ಕಮಲಾಕ್ಷರು ಒಳಗೆ ಬಂದು ಹೆಂಡತಿಯ ಕಾಲ ಬಳಿ ನೆಲದಲ್ಲಿ ಕೂತರು. ನಬೀಸಾ ಹೇಳಿದ್ದನ್ನು ಅವರೂ ಮೊದಲ ಸಲ ಕೇಳಿದ್ದು. ಹಿಂದಿನ ಸೀಟಿನಲ್ಲಿ ನಿದ್ದೆ ಬಂದಿತ್ತೆಂದು ಅವರಿಗೆ ಗೊತ್ತಿರಲಿಲ್ಲ, ಪ್ರಜ್ಞೆ ತಪ್ಪಿದ್ದೆಂದೇ ತಿಳಿದಿದ್ದರು. ನೀಲಾವತಿಗೆ ಗೊತ್ತಿತ್ತೋ ಏನೋ. ಗೊತ್ತಿದ್ದರೂ ಹೇಳುವವಳಲ್ಲ.

*

ಒಮ್ಮೆ ಅವಳಿಗೆ ಸ್ಟೇರಿಂಗ್ ಕಲಿಸಬೇಕೆಂದು ಅವರಿಗೆ ತೋರಿತ್ತು. ಬಾಡಿಗೆ ಬಿಟ್ಟು ಬರುವಾಗ ಪೊಳಲಿಯ ಹತ್ತಿರ ಖಾಲಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೆಳಗಿಳಿದು ಸುತ್ತುಹಾಕಿ ಬಂದು ಅವಳ ಬದಿಯ ಬಾಗಿಲು ತೆರೆದರು.

"ಆಚೆ ಸರಿ. ಇವತ್ತು ನೀನು ಬಿಡು."

"ನನಗೆ ಯಾಕೆ?"

"ಲೈಸನ್ಸ್ ಮಾಡಿಸುವ. ಆಗ ಯಾರೂ ಒಂದು ಮಾತು ಹೇಳ್ಲಿಕ್ಕಿಲ್ಲ. ನೀನೂ ಡ್ರೈವರ್ ಅಂತ ಆಗ್ತದೆ."

ನೀಲಾವತಿ ಕದಲಲಿಲ್ಲ. ಸೀರೆಯ ಸೆರಗಿನಿಂದ ಡ್ಯಾಶ್‌ಬೋರ್ಡಿನ ಧೂಳು ಒರೆಸುತ್ತ ಹೇಳಿದರು.

"ಈಗ ಅಲ್ಲವಾ? ನಾನು ಆಚೆ ಕೂತ್ರೆ ಇಲ್ಲಿ ನೀವು ಕೂರ್ಬೇಕು. ನಿಮಗೆ ಇದು ಬರುದಿಲ್ಲ. ಗಾಡಿ ಹಾಳಾಗ್ತದೆ. ಒಂದು ಗಾಡಿಗೆ ಇಬ್ಬರು ಡ್ರೈವರು ಸಾಕು. ಹತ್ತಿ, ಹೊತ್ತಾಗ್ತದೆ."

ಕಮಲಾಕ್ಷರು ಮತ್ತೆ ಸುತ್ತುಹಾಕಿ ಹೋಗಿ ತಮ್ಮ ಬದಿಯಲ್ಲಿ ಹತ್ತಿದರು.

*

ಎತ್ತುವ ಹೊತ್ತಾಯಿತು. ಬೆಂಕಿಯ ಮಡಕೆ ಹಿಡಿದು ಕಮಲಾಕ್ಷರ ಅಣ್ಣನ ಮಗ ಮುಂದೆ ನಡೆದ. ಓಣಿಯ ತುದಿಯಲ್ಲಿ ನಿಂತಿದ್ದ ಆಂಬುಲೆನ್ಸಿಗೆ ನೀಲಾವತಿಯನ್ನು ಏರಿಸಿದರು. ಸಂಘದ ಒಬ್ಬನೂ ಅಲ್ಲಿ ಕಾಣಲಿಲ್ಲ. ಜನರಾಗಿ ಬರುತ್ತೇವೆ ಅಂದವರೂ ಬರಲಿಲ್ಲವಲ್ಲ ಎಂದು ಯಾರೋ ಹಿಂದಿನಿಂದ ಹೇಳಿದ್ದು ಕಮಲಾಕ್ಷರಿಗೆ ಕೇಳಿತು. ಅವರು ವ್ಯಾನ್‌ಗಾರ್ಡಿನ ಬಾಗಿಲು ತೆರೆದರು.

"ನೀವು ಆಂಬುಲೆನ್ಸಿನಲ್ಲೇ ಕೂತ್ಕೊಳ್ಳಿ ಕಮಲಾಕ್ಷಣ್ಣ," ಎಂದರು ನೆರೆಯವರೊಬ್ಬರು. "ಇವತ್ತಿನ ದಿನ ನೀವು ಗಾಡಿ ಬಿಡುದು ಬೇಡ."

"ಅವಳು ಹೋಗುವಾಗ ಈ ಗಾಡಿ ಮನೆಯಲ್ಲಿ ಯಾವತ್ತೂ ನಿಂತದ್ದಿಲ್ಲ," ಎಂದು ಕಮಲಾಕ್ಷರು ಹತ್ತಿ ಕೂತರು.

ಹೆಂಗಸರು ಬರುವುದು ಬೇಡವೆಂದು ಯಾರೋ ಹೇಳುವ ಮೊದಲೇ ಸುರಕ್ಷಾ ಬಂದಿದ್ದಳು. ಎದುರಿನ ಎಡ ಬಾಗಿಲ ಹಿಡಿಕೆಗೆ ಕೈ ಹಾಕಿದವಳು, ಕೈ ತೆಗೆದು ಹಿಂದಿನ ಬಾಗಿಲು ತೆರೆದು ಕೂತಳು.

ಆಂಬುಲೆನ್ಸ್ ಮೆಲ್ಲಗೆ ಹೊರಟಿತು. ಅದರ ಹಿಂದೆ ವ್ಯಾನ್‌ಗಾರ್ಡ್. ಓಣಿ ಮುಗಿದು ದೊಡ್ಡ ರಸ್ತೆಗೆ ಬರುವಲ್ಲಿ ಬಲಕ್ಕೆ ಕಾರು ಸ್ಟಾಂಡು. ಕಮಲಾಕ್ಷರು ನೋಡಬಾರದೆಂದು ಎಣಿಸಿಯೂ ನೋಡಿದರು.

ಸ್ಟಾಂಡಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ನೆಲದ ಮೇಲೆ ಎಣ್ಣೆಯ ಕಲೆಗಳು, ಮರದ ನೆರಳು. ಬಾಡಿಗೆಗೆಂದು ಬಂದ ಒಂದು ಕುಟುಂಬ ಚೀಲಗಳ ಜೊತೆ ಅಲ್ಲಿ ನಿಂತು ಆಚೆ ಈಚೆ ನೋಡುತ್ತಿತ್ತು. ರಸ್ತೆಯ ಬದಿಗೆ, ಮಸೀದಿಯ ಕಡೆಯಿಂದ ಅಂಗಡಿಸಾಲಿನವರೆಗೆ, ಬಿಳಿ ಕಾರುಗಳು ಒಂದರ ಹಿಂದೆ ಒಂದು ನಿಂತಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ ಅವುಗಳ ಹೆಡ್‌ಲೈಟುಗಳು ಉರಿಯುತ್ತಿದ್ದದ್ದು ಹತ್ತಿರ ಬಂದ ಮೇಲೆಯೇ ಗೊತ್ತಾಯಿತು.

"ಅಪ್ಪ," ಎಂದಳು ಸುರಕ್ಷಾ.

"ಕಂಡಿತು."

ವ್ಯಾನ್‌ಗಾರ್ಡ್ ದಾಟಿದ ಮೇಲೆ ಮೊದಲು ಹೊರಟದ್ದು ಹನೀಫಾನ ಕಾರು. ಅದರ ಬೆನ್ನಿಗೆ ಮತ್ತೊಂದು, ಮಗದೊಂದು. ಯಾರೂ ಹಾರ್ನ್ ಬಾರಿಸಲಿಲ್ಲ. ಎದುರಿನಿಂದ ಬಂದ ಬಸ್ಸು ತಾನೇ ಬದಿಗೆ ಸರಿದು ನಿಂತಿತು. ಕಮಲಾಕ್ಷರಿಗೆ ಕನ್ನಡಿಯಲ್ಲಿ ಹನೀಫಾನ ಮುಖವಷ್ಟೇ ಕಾಣುತ್ತಿತ್ತು. ಅವನು ರಸ್ತೆಯ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಸೇತುವೆಗೆ ಹತ್ತುವ ತಿರುವಿನಲ್ಲಿ ಸಾಲು ಬಾಗಿತು. ಬಾಗಿದಾಗ ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಕಂಡವು.

ಸಂಘದವರು, ಅಂಗಡಿಯವರು, ಊರಿನವರು ಎಲ್ಲರೂ ಆ ಕಾರುಗಳಲ್ಲಿದ್ದರು. ಬಿಳಿ ಅಂಗಿ, ಬಿಳಿ ಟೊಪ್ಪಿ, ಮಡಿಸಿದ ಮೊಣಕಾಲುಗಳು ಹಿಂದಿನ ಸೀಟುಗಳಲ್ಲಿ ಒತ್ತೊತ್ತಾಗಿ ತುಂಬಿದ್ದವು. ಕೊನೆಯಲ್ಲಿದ್ದ ಚನಿಯಪ್ಪರ ಸಣ್ಣ ಕಾರಿನ ಹಿಂದೆ ನಾಲ್ಕು ಮಂದಿ ದೊಡ್ಡ ಗಂಡಸರು ಕೂತಿದ್ದರು. ಒಬ್ಬನ ಭುಜ ಗಾಜಿಗೆ ಒತ್ತಿಕೊಂಡಿತ್ತು, ಇನ್ನೊಬ್ಬ ಮತ್ತೊಬ್ಬನ ತೊಡೆಯೇರಿ ತಲೆ ಬಗ್ಗಿಸಿ ಕೂತಿದ್ದ. ಚನಿಯಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನೇರ ಮುಂದಕ್ಕೆ ನೋಡುತ್ತಿದ್ದರು. ಅವರ ಪಕ್ಕದಲ್ಲಿ, ಮತ್ತು ಅವರ ಮುಂದಿನ ಪ್ರತಿಯೊಂದು ಗಾಡಿಯಲ್ಲಿಯೂ, ಎದುರಿನ ಎಡಬದಿಯ ಸೀಟು ಖಾಲಿಯಾಗಿ, ಬಿಸಿಲು ಹೊತ್ತುಕೊಂಡು, ಹೊಳೆಯನ್ನು ದಾಟುತ್ತಿತ್ತು.